ಮಾಡಿ ನೋಡೋದ್ರಲ್ಲಿ ತಪ್ಪೇನಿದೆ?

ಆಟಿಸಂ ಇರುವ ಮಗುವಿನ ಮನೆಗೆ ಬಂದ ನೆಂಟರು ಹೊರಡುವ ಮುಂಚೆ ಬಾಗಿಲ ಹತ್ತಿರ ನಿಂತು ಒಂದು ಮಾತು ಹೇಳಿಯೇ ಹೋಗುತ್ತಾರೆ. "ಅಲ್ಲೊಬ್ರು ಇದಾರಂತೆ, ಒಂದ್ಸಲ ತೋರಿಸ್ಕೊಂಡು ಬನ್ನಿ. ಮಾಡಿ ನೋಡೋದ್ರಲ್ಲಿ ತಪ್ಪೇನಿದೆ?" ಹೇಳುವವರಿಗೆ ಇದು ಹಗುರವಾದ ಮಾತು. ಕೇಳಿಸಿಕೊಳ್ಳುವವರಿಗೆ ಅಲ್ಲ. ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಆದರೆ ಯಾರೂ ನಿಂತು ಉತ್ತರ ಹುಡುಕುವುದಿಲ್ಲ. ನಾನು ಸ್ವಲ್ಪ ಹುಡುಕಬೇಕಾಗಿ ಬಂತು.

ನಮ್ಮ ದೊಡ್ಡಪ್ಪನ ಮಗ, ಅಂದರೆ ನನಗೆ ಅಣ್ಣ, ಅರಸೀಕೆರೆ ಕಡೆ ಊರಲ್ಲೇ ಇದ್ದಾನೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಅವನ ಮಗನಿಗೆ ಈಗ 7 ವರ್ಷ. ಮನೆಯಲ್ಲಿ ಎಲ್ಲರೂ ಪುಟ್ಟ ಅಂತೀವಿ. ಪುಟ್ಟನಿಗೆ ನಾಲ್ಕೈದು ಮಾತು ಬಿಟ್ಟರೆ ಬರಲ್ಲ. ಮಿಕ್ಸಿ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಆದರೆ ಬೋರ್‌ವೆಲ್ ಮೋಟಾರ್ ಆನ್ ಆದರೆ ಸಾಕು, ತೊಟ್ಟಿ ಹತ್ತಿರ ಕೂತು ನೀರು ಬೀಳುವುದನ್ನು ಒಂದು ಗಂಟೆ ಬೇಕಾದರೂ ನೋಡುತ್ತಾನೆ.

ನಾಲಿಗೆ ತಿರುಗಲಿ ಅಂತ ಬಜೆ ತೇಯ್ದು ಹಚ್ಚಿದ್ದಾಯ್ತು. ದರ್ಗಾದಲ್ಲಿ ತಾಯತ ಕಟ್ಟಿಸಿದ್ದಾಯ್ತು. ಉಜಿರೆ ಹತ್ತಿರದ ಸುರ್ಯ ದೇವಸ್ಥಾನಕ್ಕೆ ಹೋಗಿ ಮಣ್ಣಿನ ಗೊಂಬೆಯ ಹರಕೆ ಒಪ್ಪಿಸಿದ್ದಾಯ್ತು. ಪುಷ್ಯ ನಕ್ಷತ್ರದ ದಿನ ಲೆಕ್ಕ ಇಟ್ಟುಕೊಂಡು ಸ್ವರ್ಣಪ್ರಾಶನ ಹಾಕಿಸಿದ್ದಾಯ್ತು. ಗೋಧಿ, ಹಾಲು ಬಿಡಿಸಿ ನೋಡಿದ್ದೂ ಆಯ್ತು. ಹೋದ ವರ್ಷ ಅಣ್ಣ ನನಗೊಂದು ವಿಡಿಯೋ ಕಳಿಸಿದ. ಸ್ಟೆಮ್ ಸೆಲ್ ಚಿಕಿತ್ಸೆ, ಮಗು ಆರು ತಿಂಗಳಲ್ಲಿ ಮಾತಾಡುತ್ತೆ ಅಂತ. ಕೆಳಗೆ ಅವನ ವಾಯ್ಸ್ ಮೆಸೇಜ್: "ನೀನು ಓದ್ಕೊಂಡಿರೋನು. ಇದು ನಿಜಾನಾ ನೋಡಿ ಹೇಳು ಕಣೋ. ನಿಜ ಆದ್ರೆ ತೋಟದಲ್ಲಿ ಒಂದು ಎಕರೆ ಮಾರ್ತೀನಿ."

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದರೆ ಊರಲ್ಲಿ ಬಿ.ಇ. ಅಂದರೆ ಎಲ್ಲಾ ಗೊತ್ತಿರೋನು ಅಂತಲೇ ಲೆಕ್ಕ. ಹಾಗಾಗಿ ಓದೋಕೆ ಕೂತೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಇಂಥದ್ದನ್ನೆಲ್ಲ ಮಾಡಿಸುವ ಅಪ್ಪ ಅಮ್ಮಂದಿರು ಮೂಢರು ಅಂತ ನನಗೆ ಅನ್ನಿಸಲ್ಲ. ಅವರು ಕೂತಿರುವ ಜಾಗದಿಂದ ನೋಡಿ. ಒಬ್ಬ ಡಾಕ್ಟರು ಹತ್ತು ನಿಮಿಷ ನೋಡಿ "ಇದು ಕಾಯಿಲೆ ಅಲ್ಲ, ಮೆದುಳು ಬೆಳೆದಿರೋ ರೀತಿನೇ ಬೇರೆ, ಇದಕ್ಕೆ ಔಷಧಿ ಇಲ್ಲ, ಥೆರಪಿ ಕೊಡಿಸಿ" ಅಂತಾರೆ. ಅವರು ಹೇಳಿದ್ದು ನಿಜ. ಆದರೆ ಥೆರಪಿ ಎಲ್ಲಿದೆ? ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೆ, ಒಳ್ಳೆ ಸಂಸ್ಥೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತೋಟಕ್ಕೆ ನೀರು ಬಿಡಬೇಕು, ದನ ನೋಡಬೇಕು, ಅಂಥವರು ವಾರ ವಾರ ರೈಲು ಹತ್ತಿ ಹೋಗೋದು ಹೇಗೆ? ಹೋದರೂ ಆರು ತಿಂಗಳಿಗೆ ಒಂದು ಹೊಸ ಪದ, ಒಂದು ಹೊಸ ಸನ್ನೆ. ನಿಜ ಹೇಳುವವರು "ನಿಧಾನ, ಖಾತ್ರಿ ಇಲ್ಲ" ಅಂತಾರೆ. ಮಾರುವವರು "ಗುಣ ಆಗುತ್ತೆ" ಅಂತಾರೆ. ರಾತ್ರಿ ನಿದ್ದೆ ಬರದ ಅಮ್ಮನ ಕಿವಿಗೆ ಯಾವುದು ಹತ್ತುತ್ತೆ ಅಂತ ಹೇಳೋಕೆ ಬಿ.ಇ. ಬೇಡ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಅವತ್ತು ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೂ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಲ್ಲಿ ಹೀಗೆ ಮಾಡಿದರೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ಆ ಫೋಟೋ ನೋಡಿ ಬೆಂಗಳೂರಿನಲ್ಲಿ ಎಲ್ಲರೂ ತಲೆ ಚಚ್ಚಿಕೊಂಡರು. ಸರಿ. ಆದರೆ ಅದೇ ಬೆಂಗಳೂರಿನಂಥ ಊರುಗಳಲ್ಲಿ ಓದಿದ ಅಪ್ಪ ಅಮ್ಮಂದಿರು ಆಟಿಸಂ ಇರುವ ಮಗುವನ್ನು ಒಂದು ಕೊಳವೆಯೊಳಗೆ ಮಲಗಿಸಿ, ಬಾಗಿಲು ಹಾಕಿ, ಒತ್ತಡದಲ್ಲಿ ಆಕ್ಸಿಜನ್ ಬಿಡಿಸುತ್ತಾರೆ. ಹೈಪರ್‌ಬೇರಿಕ್ ಥೆರಪಿ ಅಂತ ಹೆಸರು. ಆಟಿಸಂಗೆ ಇದು ಕೆಲಸ ಮಾಡುತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ. ಅಮೆರಿಕದ ಎಫ್‌ಡಿಎ ಕೂಡ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಗುಂಡಿಯಲ್ಲಿ ನಿಂತ ಮಗುವಿಗೂ ಕೊಳವೆಯಲ್ಲಿ ಮಲಗಿದ ಮಗುವಿಗೂ ಏನಾಗ್ತಿದೆ ಅಂತ ಅರ್ಥ ಆಗಿರಲ್ಲ. ಇಬ್ಬರೂ ಅಳುತ್ತಾರೆ. ಒಂದು ಕಡೆ ಬಿಲ್ ಕೊಡುತ್ತಾರೆ, ಇನ್ನೊಂದು ಕಡೆ ಕೊಡಲ್ಲ, ಅಷ್ಟೇ.

"ಆದ್ರೆ ಎಷ್ಟೋ ಜನಕ್ಕೆ ಗುಣ ಕಂಡಿದೆಯಲ್ಲಪ್ಪ?" ಇದು ಅಣ್ಣನ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ನನಗೆ ಸಿಕ್ಕ ಉತ್ತರ ಸೆಕ್ರೆಟಿನ್ ಕಥೆ. ಸೆಕ್ರೆಟಿನ್ ಅನ್ನೋದು ಜೀರ್ಣಕ್ಕೆ ಸಂಬಂಧಪಟ್ಟ ಒಂದು ಹಾರ್ಮೋನ್. 1998ರಲ್ಲಿ ಅಮೆರಿಕದ ವೈದ್ಯರು ಮೂರು ಮಕ್ಕಳ ವಿಷಯ ಬರೆದರು. ಹೊಟ್ಟೆಯ ಪರೀಕ್ಷೆಗೆ ಅಂತ ಇದನ್ನು ಕೊಟ್ಟ ಮೇಲೆ ಅವರ ನಡವಳಿಕೆ, ಮಾತು ಸುಧಾರಿಸಿತು ಅಂತ. ಟಿವಿಯಲ್ಲಿ ಬಂತು, ಅಪ್ಪ ಅಮ್ಮಂದಿರು ಮುಗಿಬಿದ್ದರು. ಮುಂದಿನ ವರ್ಷವೇ 60 ಮಕ್ಕಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಅರ್ಧ ಮಕ್ಕಳಿಗೆ ಸೆಕ್ರೆಟಿನ್, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಏನಾಯ್ತು? ಎರಡೂ ಗುಂಪಿನ ಮಕ್ಕಳಲ್ಲಿ ಸುಧಾರಣೆ ಕಾಣಿಸಿತು. ಸೆಕ್ರೆಟಿನ್‌ಗೂ ಉಪ್ಪುನೀರಿಗೂ ವ್ಯತ್ಯಾಸವೇ ಇರಲಿಲ್ಲ.

ಇದು ಹೇಗೆ ಅಂತ ನಮ್ಮ ಕೆಲಸದವರಿಗೆ ಸುಲಭವಾಗಿ ಅರ್ಥ ಆಗುತ್ತೆ. ಒಂದೇ ರಿಲೀಸ್‌ನಲ್ಲಿ ಐದು ಬದಲಾವಣೆ ಮಾಡಿದರೆ, ಬಗ್ ಹೋದದ್ದು ಯಾವುದರಿಂದ ಅಂತ ಹೇಳೋಕೆ ಆಗಲ್ಲ. ಮಗು ಇನ್ನೂ ಕಷ್ಟ, ಯಾಕೆಂದರೆ ಅದು ನಾವೇನೂ ಮಾಡದಿದ್ದರೂ ಬೆಳೆಯುತ್ತಾ ಇರುತ್ತೆ. ಪುಟ್ಟ 5ನೇ ವರ್ಷಕ್ಕೆ "ನೀಯು" ಅಂತ ನೀರು ಕೇಳಿದ. ಅಜ್ಜಿ ಬಜೆಯಿಂದ ಅಂದರು, ಅತ್ತಿಗೆ ಹರಕೆಯಿಂದ ಅಂದರು, ಅಣ್ಣ ಹಾಲು ಬಿಡಿಸಿದ್ದಕ್ಕೆ ಅಂದ. ಹುಡುಗನಿಗೆ ಒಂದು ವರ್ಷ ಜಾಸ್ತಿ ಆಯ್ತು, ಅವನೇ ಕಲಿತ ಅಂತ ಯಾರೂ ಹೇಳಲಿಲ್ಲ.

ಆ ಪರೀಕ್ಷೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಫಲಿತಾಂಶ ತಿಳಿಸಿದ ಮೇಲೂ, ಕೆಲಸ ಮಾಡಲ್ಲ ಅಂತ ಹೇಳಿದ ಮೇಲೂ, ಶೇ. 69ರಷ್ಟು ಅಪ್ಪ ಅಮ್ಮಂದಿರು ತಮ್ಮ ಮಗುವಿಗೆ ಸೆಕ್ರೆಟಿನ್ ಕೊಡಿಸಲು ಆಸಕ್ತಿ ಇದೆ ಅಂದರಂತೆ. ಅವರಿಗೆ ಮಾಹಿತಿ ಕಮ್ಮಿ ಇತ್ತು ಅನ್ನೋಕೆ ಆಗಲ್ಲ, ಕೈಗೇ ಕೊಟ್ಟಿದ್ದರು. ಅವರಿಗೆ ಬೇಕಿದ್ದದ್ದು ಸುಮ್ಮನೆ ಕೂತಿಲ್ಲ ಅನ್ನೋ ಸಮಾಧಾನ.

ಇಲ್ಲಿಗೆ ಮೊದಲ ಪ್ರಶ್ನೆಗೆ ಬರ್ತೀನಿ. ಸಮಾಧಾನ ಅಪ್ಪ ಅಮ್ಮಂದಿರದ್ದು. ಅದರ ಬೆಲೆ ಕೊಡೋದು ಯಾರು?

2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ 5 ವರ್ಷದ ಹುಡುಗನೊಬ್ಬ ತೀರಿಕೊಂಡ. ಮೈಯಲ್ಲಿರೋ ಲೋಹದ ವಿಷ ತೆಗೀತೀವಿ ಅಂತ ಕೀಲೇಷನ್ ಚಿಕಿತ್ಸೆ ಕೊಡ್ತಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಅವನ ಅಪ್ಪ ಅಮ್ಮನೂ "ಮಾಡಿ ನೋಡೋಣ" ಅಂತಲೇ ಕರೆದುಕೊಂಡು ಹೋಗಿರುತ್ತಾರೆ.

ಸ್ಟೆಮ್ ಸೆಲ್ ಅಂದರೆ ಏನು ಅಂತ ಅಣ್ಣನಿಗೆ ವಿವರಿಸಿದೆ. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಮಗುವಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಬೆನ್ನಿಗೆ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಡುತ್ತಾರೆ. 2022ರ ಡಿಸೆಂಬರ್‌ನಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ ಇದನ್ನು ಆಟಿಸಂಗೆ ಶಿಫಾರಸು ಮಾಡಲ್ಲ ಅಂತ ಹೇಳಿದೆ, ಇದರ ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಅಂದಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪುಟ್ಟನಿಗೆ ಇಂಜೆಕ್ಷನ್ ಕೊಡಿಸ್ಬೇಕಾದ್ರೆ ಮೂರು ಜನ ಹಿಡ್ಕೋಬೇಕು ಕಣೋ" ಅಂದ.

ಆಹಾರದ ವಿಷಯಕ್ಕೂ ಇದೇ ಲೆಕ್ಕ ಹಾಕಿ. ಗೋಧಿ ಬಿಡಿ, ಹಾಲು ಬಿಡಿ ಅಂದರು. ರಾಗಿ ಮುದ್ದೆ ಉಣ್ಣೋ ಮನೆಯಲ್ಲಿ ಗೋಧಿ ಬಿಡೋದು ದೊಡ್ಡ ತ್ಯಾಗ ಅಲ್ಲ. ರಾಗಿಯಲ್ಲಿ ಗ್ಲುಟೆನ್ ಮೊದಲೇ ಇಲ್ಲ. ಆದರೆ ಪುಟ್ಟ ಖುಷಿಯಿಂದ ತಿನ್ನುತ್ತಿದ್ದದ್ದು ಒಂದೇ, ಮೊಸರನ್ನ. ಅದನ್ನೇ ಕಿತ್ತುಕೊಂಡಾಯ್ತು. ಎರಡು ತಿಂಗಳು ಹುಡುಗ ಬಡಕಲಾದ. ಅವನಿಗೆ "ಬೇಡ" ಅನ್ನೋಕೆ ಮಾತಿಲ್ಲ. ತಟ್ಟೆ ಎಸೆದ. ತಟ್ಟೆ ಎಸೆದದ್ದನ್ನು ಆಟಿಸಂನ ಲಕ್ಷಣ ಅಂತ ಬರೆದುಕೊಂಡರು.

ಹಾಗಂತ ಮಗುವಿನ ಪರವಾಗಿ ಹಿರಿಯರು ತೀರ್ಮಾನ ಮಾಡಲೇಬಾರದು ಅಂತಲ್ಲ. ಲಸಿಕೆ ಹಾಕಿಸುವಾಗಲೂ ಮಗು ಅಳುತ್ತೆ, ನಾವು ಬಿಡಲ್ಲ. ಆದರೆ ಅಲ್ಲಿ ನೋವು ಯಾವುದಕ್ಕೆ ಅಂತ ಖಾತ್ರಿ ಇದೆ, ಲಾಭ ಮಗುವಿಗೇ ಸೇರುತ್ತೆ. ಮಗುವಿನ ಬದಲು ನಾವು ಹೂಂ ಅನ್ನುವ ಹಕ್ಕು ನಮಗೆ ಸಿಕ್ಕಿರೋದು ಮಗುವಿನ ಒಳ್ಳೇದಕ್ಕೆ. ನಮ್ಮ ಭಯ ತಣಿಸಿಕೊಳ್ಳೋದಕ್ಕೆ ಆ ಹಕ್ಕು ಬಳಸೋ ಹಾಗಿಲ್ಲ. ಹೊಲ ನಮ್ಮದು ಅಂತ ಏನು ಬೇಕಾದರೂ ಬಿತ್ತಬಹುದು. ಮಗುವಿನ ಮೈ ನಮ್ಮ ಹೊಲ ಅಲ್ಲ.

ಹಾಗಾದರೆ ತಾಯತ, ಹರಕೆ? ಅವು ಮೈಗೆ ನೋವು ಮಾಡಲ್ಲ. ಮಣ್ಣಿನ ಗೊಂಬೆ ಒಪ್ಪಿಸಿ ಬಂದ ದಿನ ಅತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ. ಅದನ್ನು ಬೇಡ ಅನ್ನೋಕೆ ನಾನ್ಯಾರು? ಆದರೆ ಇಲ್ಲೂ ಒಂದು ಕಾಣದ ಲೆಕ್ಕ ಇದೆ. ಪ್ರತಿಯೊಂದು ಚಿಕಿತ್ಸೆಯ ಹಿಂದೆ ಒಂದು ಕಾರಣ ಇರುತ್ತೆ, ಆ ಕಾರಣ ಹೆಚ್ಚಾಗಿ ಅಮ್ಮನ ಹತ್ತಿರ ಬಂದು ನಿಲ್ಲುತ್ತೆ. ಬಸುರಿಯಲ್ಲಿ ಗ್ರಹಣ ನೋಡಿದ್ಲಾ? ಮೊಬೈಲ್ ಜಾಸ್ತಿ ಕೊಟ್ಲಾ? ಅನಾಚಾರ ಏನಾದ್ರೂ ಆಯ್ತಾ? ಇದು ಹಳ್ಳಿಯ ರೋಗ ಅಂದುಕೊಳ್ಳಬೇಡಿ. ಬ್ರೂನೋ ಬೆಟೆಲ್‌ಹೈಮ್ ಅನ್ನೋ ದೊಡ್ಡ ಹೆಸರಿನ ವಿದ್ವಾಂಸ 1967ರಲ್ಲಿ ಪುಸ್ತಕವನ್ನೇ ಬರೆದು, ಆಟಿಸಂಗೆ ಅಮ್ಮನ ಪ್ರೀತಿ ತಣ್ಣಗಿದ್ದದ್ದೇ ಕಾರಣ ಅನ್ನೋ ವಾದವನ್ನು ಅಮೆರಿಕದ ತುಂಬ ಹಬ್ಬಿಸಿದ. ಆಟಿಸಂ ಇರುವ ಮಗನ ಅಪ್ಪನೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಅದು ಸುಳ್ಳು, ಇದು ನರಮಂಡಲಕ್ಕೆ ಸಂಬಂಧಪಟ್ಟದ್ದು ಅಂತ ಬರೆದಿದ್ದ. ಆದರೂ ಎಷ್ಟೋ ವರ್ಷ ತಾಯಂದಿರು ಆ ಅಪವಾದ ಹೊತ್ತರು. ತಮಾಷೆ ನೋಡಿ, ಅದೇ ರಿಮ್‌ಲ್ಯಾಂಡ್ ಮುಂದೆ ವಿಟಮಿನ್ನು, ಕೀಲೇಷನ್ನು ಅಂತ ಪರ್ಯಾಯ ಚಿಕಿತ್ಸೆಗಳ ದೊಡ್ಡ ಬೆಂಬಲಿಗನಾದ. ಅಮ್ಮಂದಿರನ್ನು ಅಪವಾದದಿಂದ ಬಿಡಿಸಿದವನಿಗೂ ಈ ಆಸೆಯಿಂದ ಬಿಡಿಸಿಕೊಳ್ಳೋಕೆ ಆಗಲಿಲ್ಲ.

ಹಾಗಾಗಿ "ತಪ್ಪೇನಿದೆ" ಅನ್ನೋ ಮಾತು ಅಮ್ಮನ ಕಿವಿಗೆ ಬೇರೆ ಥರ ಕೇಳಿಸುತ್ತೆ: ಮಾಡಿ ನೋಡದೇ ಇದ್ದರೆ ತಪ್ಪು ನಿನ್ನದೇ. ಅತ್ತಿಗೆ ಒಂದ್ಸಲ ಹೇಳಿದರು, "ನಂಗೂ ಗೊತ್ತು, ಇದ್ರಲ್ಲಿ ಅರ್ಧ ಸುಳ್ಳು ಅಂತ. ಆದ್ರೆ ಬಿಟ್ಟಿದ್ದೇ ಆಗಿದ್ರೆ ಅಂತ ನಾಳೆ ಯಾರಾದ್ರೂ ಅಂದ್ರೆ?" ಅವರು ಆಸೆಯಿಂದ ಓಡಾಡ್ತಿಲ್ಲ, ಭಯದಿಂದ ಓಡಾಡ್ತಿದ್ದಾರೆ. ಆ ಭಯ ಕೊಟ್ಟವರು ನಾವು, ಬಾಗಿಲ ಹತ್ತಿರ ನಿಂತು ಹೇಳಿ ಹೋಗುವವರು.

ಅಣ್ಣನಿಗೆ ನಾನು ಹೇಳಿದ್ದು ಇಷ್ಟು. ಮಾಡಲೇಬೇಡ ಅಂತ ಹೇಳಲ್ಲ. ಆದರೆ ಏನೇ ಶುರು ಮಾಡೋ ಮುಂಚೆ ಒಂದು ನೋಟ್‌ಬುಕ್ಕಲ್ಲಿ ಬರಿ. ಯಾವ ಬದಲಾವಣೆ ಕಾಣಬೇಕು, ಎಷ್ಟು ದಿನದಲ್ಲಿ, ಕಾಣದಿದ್ದರೆ ಯಾವತ್ತು ನಿಲ್ಲಿಸ್ತೀಯ. ಒಂದ್ಸಲಕ್ಕೆ ಒಂದೇ. ಯಾವತ್ತು ನಿಲ್ಲಿಸಬೇಕು ಅಂತ ಹೇಳೋಕೆ ಒಪ್ಪದವನ ಹತ್ತಿರ ಹೋಗಬೇಡ. ಪುಟ್ಟನ ಮೈಗೆ ಸೂಜಿ ಚುಚ್ಚುವುದು, ಊಟ ಕೀಳುವುದು ಏನೇ ಇದ್ದರೂ ನೋಟ್‌ಬುಕ್ಕಲ್ಲಿ ಅವನದ್ದೂ ಒಂದು ಕಾಲಂ ಇರಲಿ. ಅವನು ಅವತ್ತು ಎಷ್ಟು ಅತ್ತ ಅಂತ ಅದರಲ್ಲಿ ಬರಿ.

ಅಣ್ಣ ಈಗ ತಿಂಗಳಿಗೆರಡು ಸಲ ಮೈಸೂರಿಗೆ ಹೋಗಿ ಬರ್ತಾನೆ. ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದು ಕೇಳೋದನ್ನ ಕಲಿಸ್ತಿದ್ದಾರೆ. ಪುಟ್ಟನಿಗೆ ಮೋಟಾರ್ ಕಾರ್ಡ್ ಬಹಳ ಇಷ್ಟ. ಕರೆಂಟ್ ಇಲ್ಲದಾಗಲೂ ಅದನ್ನೇ ತಂದು ಕೈಗೆ ಕೊಡ್ತಾನೆ. ಮೊಸರನ್ನ ವಾಪಸ್ ಬಂದಿದೆ. ತೋಟ ಇನ್ನೂ ಮಾರಿಲ್ಲ. ಮಾರಲ್ಲ ಅಂತಲೂ ಅವನು ಹೇಳಿಲ್ಲ. ಇನ್ನೊಂದು ವಿಡಿಯೋ ಬಂದರೆ ಏನಾಗುತ್ತೋ ಗೊತ್ತಿಲ್ಲ.

1993ರಲ್ಲಿ ಜಿಮ್ ಸಿಂಕ್ಲೇರ್ ಅನ್ನೋ ಆಟಿಸಂ ಇರುವ ವ್ಯಕ್ತಿ ಅಪ್ಪ ಅಮ್ಮಂದಿರನ್ನು ಉದ್ದೇಶಿಸಿ ಮಾತಾಡಿದ್ದರು. ಅದರ ಸಾರ ಇಷ್ಟು: ಆಟಿಸಂ ಹೋಗಲಿ ಅಂತ ನೀವು ಬೇಡಿಕೊಂಡಾಗ, ಈ ಮಗು ಹೋಗಿ ಬೇರೆ ಮಗು ಬರಲಿ ಅಂತ ನಮಗೆ ಕೇಳಿಸುತ್ತೆ. ಪುಟ್ಟ ಇದನ್ನು ಹೇಳಲಾರ. ಆದರೆ ಅವನಿಗೆ ಕೇಳಿಸಲ್ಲ ಅಂತ ಯಾರು ಹೇಳಿದರು?

ನೀವು ಮುಂದಿನ ಸಲ ಇಂಥ ಮನೆಗೆ ಹೋದಾಗ ದಯವಿಟ್ಟು ಯಾವ ಊರಿನ, ಯಾವ ಡಾಕ್ಟರ, ಯಾವ ಸ್ವಾಮೀಜಿಯ ಹೆಸರನ್ನೂ ಹೇಳಬೇಡಿ. ಅವರು ಅದನ್ನೆಲ್ಲ ಆಗಲೇ ಕೇಳಿರುತ್ತಾರೆ. "ಒಂದು ಗಂಟೆ ಹುಡುಗನ್ನ ನಾನು ನೋಡ್ಕೊಳ್ತೀನಿ, ನೀವು ಸ್ವಲ್ಪ ಮಲಗಿ" ಅನ್ನಿ. ಅದನ್ನು ಮಾಡಿ ನೋಡೋದ್ರಲ್ಲಿ ಏನೂ ತಪ್ಪಿಲ್ಲ.