ತುತ್ತು ಒಲ್ಲೆನೆಂದಾಗ



ಅನ್ನ ನೀಡುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಮಠಕ್ಕೆ ಬಂದವರು ಪ್ರಸಾದವಿಲ್ಲದೆ ಹೋಗುವುದಿಲ್ಲ. ಹೊಲಕ್ಕೆ ಬಂದ ಆಳಿರಲಿ, ಅಂಗಡಿಗೆ ಬಂದ ಗಿರಾಕಿಯಿರಲಿ, ಊಟದ ಹೊತ್ತಾಗಿದ್ದರೆ "ಏಳ್ರಿ, ಎರಡು ತುತ್ತು ಉಣ್ರಿ" ಎನ್ನುತ್ತೇವೆ. ಇಂಥ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು ಅನ್ನ ಕಂಡು ಮುಖ ತಿರುಗಿಸಿದರೆ ಮಕ್ಕಳ ಎದೆ ಒಡೆಯುತ್ತದೆ. ಅಕ್ಕಲಕೋಟ, ಜತ್ತ ಕಡೆಯ ಭಕ್ತರು ಮಠಕ್ಕೆ ಬಂದು ಕೇಳುವ ಮಾತು ಒಂದೇ: "ಅಪ್ಪ ನಾಕು ದಿನದಿಂದ ಏನೂ ಉಂಡಿಲ್ಲರಿ. ಹಂಗೇ ಬಿಟ್ರ ನಮಗ ಪಾಪ ಬರೂದಿಲ್ಲೇನ್ರಿ?"

ಉತ್ತರಕ್ಕೆ ಮುಂಚೆ ಒಂದು ಕೆಲಸವಿದೆ. ಊಟ ಬಿಟ್ಟವರೆಲ್ಲ ಕೊನೆಗಾಲಕ್ಕೆ ಬಂದವರಲ್ಲ. ಬಾಯಿಹುಣ್ಣು, ಸಡಿಲಾದ ಹಲ್ಲಿನ ಸೆಟ್ಟು, ಮಲಬದ್ಧತೆ, ಹೊಟ್ಟೆ ತೊಳಸುವ ಗುಳಿಗೆ, ಮನಸ್ಸಿನ ಬೇಸರ, ಇವುಗಳಿಂದಲೂ ಹಸಿವೆ ಹೋಗುತ್ತದೆ. ಉಪಚಾರ ಮಾಡಿದರೆ ಮರಳುತ್ತದೆ. ಆದ್ದರಿಂದ ಮೊದಲು ಡಾಕ್ಟರರಿಗೆ ತೋರಿಸಬೇಕು. "ಇದು ವಾಸಿಯಾಗುವ ಕಾರಣವೋ, ರೋಗದ ಕೊನೆಯ ಹಂತವೋ?" ಎಂದು ನೇರವಾಗಿ ಕೇಳಬೇಕು.

ಕೊನೆಯ ಹಂತವೆಂದು ಅವರು ಹೇಳಿದರೆ ನಾವು ತಿಳಿಯಬೇಕಾದದ್ದಿಷ್ಟು. ಹಿಂಗಾರಿ ಜೋಳ ಹಾಲು ತುಂಬುವಾಗ ನೀರು ಬೇಡುತ್ತದೆ. ತೆನೆ ಬಲಿತು ಒಣಗಿದ ಮೇಲೆ ಎಷ್ಟು ನೀರು ಹಾಯಿಸಿದರೂ ಕಾಳು ದಪ್ಪವಾಗುವುದಿಲ್ಲ. ದೇಹವೂ ಹಾಗೆಯೇ. ಕೊನೆಯ ದಿನಗಳಲ್ಲಿ ಕರುಳು ನಿಧಾನವಾಗುತ್ತದೆ, ಅನ್ನವನ್ನು ಬಲವಾಗಿ ಮಾಡಿಕೊಳ್ಳುವ ಶಕ್ತಿ ದೇಹಕ್ಕೆ ಉಳಿಯುವುದಿಲ್ಲ. ಹಿರಿಯರು ಉಣ್ಣದ್ದಕ್ಕೆ ಸಾಯುತ್ತಿಲ್ಲ. ಸಾವು ಸಮೀಪಿಸಿದ್ದಕ್ಕೆ ಉಣ್ಣುವುದನ್ನು ಬಿಟ್ಟಿದ್ದಾರೆ. ಈ ಒಂದು ಮಾತು ಮನಸ್ಸಿಗೆ ಬಂದರೆ ಅರ್ಧ ಭಾರ ಇಳಿಯುತ್ತದೆ.

ಆಗ ಒತ್ತಾಯದಿಂದ ಗಂಜಿ ಹಾಕಿದರೆ ನುಂಗಲು ಬಾರದೆ ಅದು ಶ್ವಾಸನಾಳಕ್ಕೆ ಇಳಿದು ಕೆಮ್ಮು, ದಮ್ಮು, ನ್ಯುಮೋನಿಯಾ ತರಬಹುದು. ಸಲಾಯಿನ್ ಬಾಟ್ಲಿ ಕೆಲವರಿಗೆ ಕೆಲವು ಸಲ ಉಪಯೋಗವಾದೀತು. ಆದರೆ ಕೊನೆಯ ದಿನಗಳಲ್ಲಿ ಆ ನೀರು ಕೈಕಾಲಿಗೆ ಬಾವು ತರುವುದೂ, ಎದೆಯಲ್ಲಿ ಕಫ ಹೆಚ್ಚಿಸುವುದೂ ಉಂಟು. ಬಂಧುಗಳ ಬಾಯಿ ಮುಚ್ಚಿಸಲೆಂದು ಸಲಾಯಿನ್ ಹಚ್ಚಿಸಬಾರದು.

ಹಾಗೆಂದು ಕೈಕಟ್ಟಿ ಕೂಡ್ರಬೇಕೆಂದಲ್ಲ. ಬೇಡಿದರೆ ಬೇಡಿದಷ್ಟು ಕೊಡಿ. ಎಚ್ಚರವಿದ್ದಾಗ ತಲೆ ಎತ್ತರಿಸಿ ಕೂಡ್ರಿಸಿ, ಅರ್ಧ ಚಮಚೆ ಹಾಲೋ ಹಣ್ಣಿನ ರಸವೋ ಕೊಟ್ಟು, ನುಂಗಿದ ಮೇಲೆ ಮುಂದಿನದು. ಕೆಮ್ಮಿದರೆ ನಿಲ್ಲಿಸಿ. ನುಂಗಲಾಗದಿದ್ದರೆ ಒದ್ದೆ ಅರಿವೆಯಿಂದ ಬಾಯಿ, ನಾಲಗೆ ಒರೆಸಿರಿ; ತುಟಿಗೆ ತುಪ್ಪ ಸವರಿರಿ. ಆಗಿನ ಬಾಯಾರಿಕೆ ಹೆಚ್ಚಾಗಿ ಬಾಯಿ ಒಣಗಿದ್ದರಿಂದ ಆಗುವಂಥದು. ಇಷ್ಟರಿಂದಲೇ ಅವರಿಗೆ ಹಾಯೆನಿಸುತ್ತದೆ. ನೋವಿದ್ದರೆ ಅದಕ್ಕೆ ಔಷಧ ಕೇಳಿ ಪಡೆಯಿರಿ.

ಮನೆಯವರೆಲ್ಲ ಕೂಡಿ ಮಾತಾಡುವುದು ಬಹು ಮುಖ್ಯ. ಹಾಸಿಗೆಯ ಬದಿಯಲ್ಲಿ ಜಗಳ ಬೇಡ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನು ಕರೆಸಿ, ದೂರವಿದ್ದವರಿಗೆ ಫೋನು ಮಾಡಿ, ಡಾಕ್ಟರರು ಹೇಳಿದ್ದನ್ನು ಎಲ್ಲರಿಗೂ ಒಂದೇ ರೀತಿ ತಿಳಿಸಿರಿ. ಹಿರಿಯರಿಗೆ ಅರಿವಿದ್ದರೆ ಅವರ ಇಚ್ಛೆಯನ್ನೇ ಮೊದಲು ಕೇಳಿರಿ. ಹಗಲಿರುಳು ಸೇವೆ ಮಾಡಿದ ಸೊಸೆಗೆ, ನಿನ್ನೆ ಬಂದವರು "ಅತ್ತೆಗೆ ಉಪವಾಸ ಕೆಡವಿದಿ" ಎಂದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆ ಮಾತಿಗೆ ಉತ್ತರ ಕೊಡಬೇಕಾದವನು ಮಗ.

ಕಾನೂನಿನ ಮಾತೂ ಇರಲಿ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ತೀರ್ಪಿತ್ತಿದೆ. ಕೊನೆಗಾಲದಲ್ಲಿ ಯಾವ ಉಪಚಾರ ಬೇಡವೆಂದು ಅರಿವಿರುವಾಗಲೇ ಬರೆದಿಡಬಹುದು. 2023ರಲ್ಲಿ ಈ ಕ್ರಮವನ್ನು ಸುಲಭ ಮಾಡಲಾಗಿದೆ: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಹೊಲದ ಉತಾರೆ, ಅಂಗಡಿಯ ಪಾಲು ಕಾಗದಕ್ಕೆ ತರುವ ನಾವು ಇದನ್ನೂ ತಂದರೆ ಮಕ್ಕಳ ನಡುವಿನ ಗೊಂದಲ ತಪ್ಪುತ್ತದೆ.

ಇನ್ನು ಪಾಪದ ಪ್ರಶ್ನೆ. ಪ್ರಸಾದವೆಂದರೆ ಪ್ರಸನ್ನತೆ. ಕೊಡುವವರೂ ಕೊಳ್ಳುವವರೂ ಪ್ರಸನ್ನರಾಗಿದ್ದರೆ ಅದು ಪ್ರಸಾದ. ಬಾಯಿ ಒತ್ತಿ ತೆರೆದು ಹಾಕಿದ ತುತ್ತು ಪ್ರಸಾದವಾಗುವುದಿಲ್ಲ. ಷಟ್‌ಸ್ಥಲದಲ್ಲಿ ಪ್ರಸಾದಿ ಮೂರನೆಯ ಮೆಟ್ಟಿಲು, ಐಕ್ಯ ಆರನೆಯದು. ಮೇಲಕ್ಕೆ ಹೊರಟವರನ್ನು ತುತ್ತಿನ ಹಗ್ಗ ಹಾಕಿ ಕೆಳಗೆ ಜಗ್ಗಬಾರದು. ಪಾದೋದಕವನ್ನು ಬೆರಳಿನಿಂದ ತುಟಿಗೆ ಮುಟ್ಟಿಸಿ, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಅವರ ಅಂಗೈಯಲ್ಲಿಟ್ಟು, ಆ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿಯಿರಿ. ನಿಮ್ಮನ್ನು ಉಣಿಸಿ ಬೆಳೆಸಿದ ಕೈ ಅದು. ಅದನ್ನು ಹಿಡಿದು ಪಕ್ಕದಲ್ಲಿ ಕುಳಿತರೆ ಅದೂ ದಾಸೋಹವೇ. ಅದರಲ್ಲಿ ಪಾಪವಿಲ್ಲ.

— ಕಾರ್ಯದರ್ಶಿಗಳು, ಶ್ರೀಮಠ