ಆನೆ ಕಾಯುವ ಕಣ್ಣು

ಒಂದು ಕೆಲಸಕ್ಕೆಂದು ಕೊಟ್ಟ ಒಪ್ಪಿಗೆ ಇನ್ನೊಂದಕ್ಕೂ ಸಲ್ಲುತ್ತದೆಯೇ? ಮದುವೆಯ ಅಡುಗೆಗೆಂದು ಒಯ್ದ ನಮ್ಮ ಪಾತ್ರೆಯಲ್ಲಿ ನೆರೆಮನೆಯವರು ಸುಣ್ಣ ಕಲಸಿದರೆ ನಾವು ಸುಮ್ಮನಿರುವುದಿಲ್ಲ. ಯಂತ್ರಗಳ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ.

ಹಳಿಯಾಳ, ಮುಂಡಗೋಡದ ಕಡೆ ಭತ್ತ, ಗೋವಿನಜೋಳ ಕೊಯ್ಲಿಗೆ ಬರುವ ಹೊತ್ತಿಗೆ ದಾಂಡೇಲಿ ಕಾಡಿನ ಆನೆಗಳೂ ಬರುತ್ತವೆ. ಎಲೆಕ್ಟ್ರಾನಿಕ್ಸ್ ಓದುವ ನನ್ನ ತಂಗಿಯ ಮಗಳು, ಹೊಲದಂಚಿನಲ್ಲಿ ಆನೆಯನ್ನು ಗುರುತಿಸುವ ಕ್ಯಾಮೆರಾ ಮಾಡುತ್ತೇನೆಂದು ಅಂಗೈಯಗಲದ ಬೋರ್ಡೊಂದನ್ನು ತಂದಿದ್ದಳು. ಅದರ ನಡುವಿನ ಚಿಪ್‌ಗೆ ಎಫ್‌ಪಿಜಿಎ ಎಂದು ಹೆಸರು. ಬೇರೆ ಚಿಪ್‌ಗಳ ಒಳಜೋಡಣೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಇದರದನ್ನು ಕೊಂಡವರೇ ಮತ್ತೆ ಮತ್ತೆ ಬದಲಿಸಬಹುದು. 1985ರಲ್ಲಿ ಅಮೆರಿಕದ ಝೈಲಿಂಕ್ಸ್ ಕಂಪನಿ ತಂದ ಇಂಥ ಮೊದಲ ಚಿಪ್‌ನಲ್ಲಿ 64 ಪುಟ್ಟ ತರ್ಕದ ಮನೆಗಳಿದ್ದವು. ಈಗ ಲಕ್ಷಗಟ್ಟಲೆ ಇರುವಂಥವೂ ಇವೆ.

ಬಾವಿಯಿಂದ ಹೆಂಗಸರು ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಚಿತ್ರವೂ ಅದರೊಳಗೆ ಹಾಗೆಯೇ ಸಾಗುತ್ತದೆ. ಮೊದಲ ಕೈ ಬಣ್ಣ ತೆಗೆಯುತ್ತದೆ, ಎರಡನೆಯದು ಕಲೆ ಅಳಿಸುತ್ತದೆ, ಮೂರನೆಯದು ಹಿಂದಿನ ಚಿತ್ರಕ್ಕೆ ಹೋಲಿಸಿ ಅಲುಗಾಡಿದ್ದನ್ನಷ್ಟೇ ಉಳಿಸುತ್ತದೆ, ಕೊನೆಯದು ಆಕಾರ ನೋಡಿ ಆನೆಯೋ ಅಲ್ಲವೋ ಹೇಳುತ್ತದೆ. 640ಕ್ಕೆ 480 ಚುಕ್ಕೆಗಳ ಚಿತ್ರ ಸೆಕೆಂಡಿಗೆ 30ರಂತೆ ಬಂದರೆ ಸುಮಾರು 92 ಲಕ್ಷ ಚುಕ್ಕೆಗಳು ದಾಟಬೇಕು; ಎಲ್ಲ ಕೈಗಳೂ ಒಟ್ಟಿಗೇ ದುಡಿಯುವುದರಿಂದ ಸಾಲು ನಿಲ್ಲುವುದಿಲ್ಲ.

ಹೊಲದ ಕೆಲಸಕ್ಕೆ ಬರುವ ಹೆಂಗಸು ಎಲ್ಲವನ್ನೂ ಕೇಳಿ, "ಅಕ್ಕಾರ, ಇದು ಆನಿ ಅಷ್ಟ ನೋಡ್ತೈತೋ, ನಸುಕಿನ್ಯಾಗ ಬಯಲಕಡೆ ಹೋಗೋ ನಮ್ಮನ್ನೂ ನೋಡ್ತೈತೋ?" ಅಂದಳು.

"ಈಗೇನೋ ಮನುಷ್ಯರನ್ನು ಬಿಟ್ಟುಬಿಡ್ತದ, ದೊಡ್ಡಮ್ಮ," ಎಂದಳು ಹುಡುಗಿ ನನ್ನ ಕಡೆ ತಿರುಗಿ. "ಆದರ ಕೊನೇ ಕೈಯೊಂದನ್ನ ಬದಲು ಮಾಡಿದರ ಮನುಷ್ಯರನ್ನೂ ಎಣಿಸಬಹುದು." ಕೆಲವು ಚಿಪ್‌ಗಳಲ್ಲಿ ಉಳಿದ ಸಾಲು ನಡೆಯುತ್ತಿರುವಾಗಲೇ ಹೀಗೆ ಮಾಡಲು ಬರುತ್ತದಂತೆ.

ಯಂತ್ರಕ್ಕೆ ಪಾಪವಿಲ್ಲ, ಬಳಸುವ ಕೈಯದ್ದೇ ಎಲ್ಲ ಎನ್ನುವುದು ವಾಡಿಕೆ. ಆದರೆ ಚಾಕು ಯಾರ ಕೈಯಲ್ಲಿದೆ, ಏನನ್ನು ಹೆಚ್ಚುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕಂಬದ ಮೇಲಿನ ಈ ಪೆಟ್ಟಿಗೆಯೊಳಗೆ ಕೆಲಸವೇ ಬೇರೆಯಾದರೂ ಹೊರಗಿನಿಂದ ಅದು ನಿನ್ನೆಯ ಪೆಟ್ಟಿಗೆಯೇ. ನೋಡಿಸಿಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲದಿದ್ದರೆ, ತಿಳಿಸುವ ಹೊಣೆ ಪೂರ್ತಿಯಾಗಿ ಬದಲಿಸಿದವರ ಮೇಲೆ ಬೀಳುತ್ತದೆ.

ಕ್ಯಾಮೆರಾ ಬೇಡವೇ ಬೇಡ ಎನ್ನಲಾರೆ. ರಾತ್ರಿಯೆಲ್ಲ ಮಾಳದ ಮೇಲೆ ಕೂತು ಕಾಯುವವರ ಕಷ್ಟ ನಾನು ಬಲ್ಲೆ. ಆದರೆ ಒಪ್ಪಿಗೆ ಕೇಳಬೇಕಾದದ್ದು ಹೊಲದ ಯಜಮಾನರನ್ನಷ್ಟೇ ಅಲ್ಲ, ಆ ದಾರಿಯಲ್ಲಿ ನಡೆಯುವ ಹೆಂಗಸರನ್ನೂ. ಕಣ್ಣಿನ ಕೆಲಸ ಬದಲಾಗುವ ಮುಂಚೆ ಅವರನ್ನು ಮತ್ತೆ ಕೇಳಬೇಕು; ಅವರು ಒಲ್ಲೆವೆಂದರೆ ಪೆಟ್ಟಿಗೆಯನ್ನು ಇಳಿಸಬೇಕು.