ಗ್ರಂಥದ ಮೇಲಣ ಹೆಸರು

ಗ್ರಂಥದ ಮುಖಪುಟದಲ್ಲಿ ಯಾರ ಹೆಸರಿರುವುದೋ ಅವರೇ ಅದನ್ನು ಬರೆದವರೆಂದು ನಾವು ನಂಬುತ್ತೇವೆ. ಈ ನಂಬಿಕೆಯು ಎಷ್ಟು ಸಹಜವಾದುದೆಂದರೆ, ಅದನ್ನು ವಿಚಾರಿಸಿ ನೋಡಬೇಕೆಂದೇ ನಮಗೆ ತೋರುವುದಿಲ್ಲ. ಆದರೆ ಹಣವನ್ನು ಪಡೆದು, ಮರೆಯಲ್ಲಿದ್ದುಕೊಂಡು, ಮತ್ತೊಬ್ಬರ ಹೆಸರಿನಲ್ಲಿ ಪುಸ್ತಕಗಳನ್ನು ಬರೆದುಕೊಡುವ ವೃತ್ತಿಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂಥವರಿಗೆ ‘ಘೋಸ್ಟ್ ರೈಟರ್’ ಎಂದು, ಎಂದರೆ ಕಾಣದ ಭೂತದಂತೆ ಬರೆಯುವವರೆಂದು, ಅಲ್ಲಿ ಹೆಸರು. ಗೃಹಾಲಂಕಾರವನ್ನೂ ಉಡುಗೆತೊಡುಗೆಗಳ ಅಭಿರುಚಿಯನ್ನೂ ಕುರಿತ ಪುಸ್ತಕಗಳಲ್ಲಿಯೂ ಈ ಪದ್ಧತಿಯು ಕಾಣಬರುತ್ತದೆ. ಇದು ಧರ್ಮವೋ ಅಲ್ಲವೋ ಎಂಬುದೇ ಪ್ರಕೃತ ವಿಚಾರ.

ಮೊದಲು ಎರಡು ನಿದರ್ಶನಗಳನ್ನು ನೋಡೋಣ. 1897ರಲ್ಲಿ ಅಮೆರಿಕೆಯಲ್ಲಿ ‘ದಿ ಡೆಕೊರೇಷನ್ ಆಫ್ ಹೌಸಸ್’ ಎಂಬ ಗ್ರಂಥವು ಪ್ರಕಟವಾಯಿತು. ಮುಂದೆ ಕಾದಂಬರಿಗಳಿಂದ ವಿಖ್ಯಾತಳಾದ ಈಡಿತ್ ವಾರ್ಟನ್ ಎಂಬಾಕೆಯೂ ಆಗ್ಡನ್ ಕಾಡ್ಮನ್ ಎಂಬ ವಾಸ್ತುಶಿಲ್ಪಿಯೂ ಕೂಡಿ ಇದನ್ನು ರಚಿಸಿದರು. ಇಬ್ಬರ ಹೆಸರೂ ಮುಖಪುಟದಲ್ಲಿ ಅಚ್ಚಾಯಿತು. ವಾಲ್ಟರ್ ಬೆರಿ ಎಂಬ ಮಿತ್ರನು ಬರವಣಿಗೆಯನ್ನು ತಿದ್ದಲು ನೆರವಾದನೆಂಬುದನ್ನು ಸಹ ವಾರ್ಟನ್ 1934ರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. 1913ರಲ್ಲಿ ‘ದಿ ಹೌಸ್ ಇನ್ ಗುಡ್ ಟೇಸ್ಟ್’ ಎಂಬ ಮತ್ತೊಂದು ಗ್ರಂಥವು ಹೊರಬಂದಿತು. ಅದರ ಮೇಲಿದ್ದುದು ಎಲ್ಸಿ ಡಿ ವುಲ್ಫ್ ಎಂಬಾಕೆಯ ಹೆಸರೊಂದೇ. ಈಕೆಯು ರಂಗಭೂಮಿಯನ್ನು ಬಿಟ್ಟು ಗೃಹಾಲಂಕಾರವನ್ನೇ ವೃತ್ತಿಯಾಗಿ ಕೈಕೊಂಡವಳು. ನ್ಯೂಯಾರ್ಕಿನ ಕಾಲನಿ ಕ್ಲಬ್ಬೆಂಬ ಸ್ತ್ರೀಯರ ಸಂಘದ ಕಟ್ಟಡವನ್ನು ಅಲಂಕರಿಸಿ ಕೀರ್ತಿಗೊಂಡವಳು. ಆದರೆ ಗ್ರಂಥಕ್ಕೆ ಆಧಾರವಾದ ಪತ್ರಿಕಾಲೇಖನಗಳನ್ನು ಈಕೆಯ ಹೆಸರಿನಲ್ಲಿ ಬರೆದವಳು ರೂಬಿ ರಾಸ್ ಗುಡ್‌ನೌ ಎಂಬ ಪತ್ರಿಕಾಲೇಖಕಿ.

ಇದರಲ್ಲಿ ತಪ್ಪೇನು ಎಂದು ಕೆಲವರು ಕೇಳಬಹುದು. ಮನೆಯನ್ನು ಕಟ್ಟುವವನು ಗಾರೆಯವನಾದರೂ ಅದನ್ನು ಯಜಮಾನನ ಮನೆಯೆಂದೇ ಕರೆಯುತ್ತೇವೆ. ಭಾರತವನ್ನು ಬರೆದುಕೊಂಡವನು ಗಣಪತಿಯಾದರೂ ಕರ್ತೃವು ವ್ಯಾಸನೇ. ಬರೆದವರಿಗೆ ಕೂಲಿ ಸಂದಿದೆ, ಒಪ್ಪಿಗೆಯೂ ಇದೆ. ಇನ್ನು ಅಧರ್ಮವೆಲ್ಲಿ ಎಂಬುದು ಅವರ ವಾದ.

ಇದಕ್ಕೆ ಸಮಾಧಾನವಿಷ್ಟು. ಯಜಮಾನನು ತಾನೇ ಇಟ್ಟಿಗೆಯನ್ನು ಜೋಡಿಸಿದನೆಂದು ಯಾರೂ ಭ್ರಮಿಸುವುದಿಲ್ಲ. ಆದುದರಿಂದ ಅಲ್ಲಿ ವಂಚನೆಯಿಲ್ಲ. ಗಣಪತಿಯು ನುಡಿದುದನ್ನು ಬರೆದುಕೊಂಡನೇ ಹೊರತು ನುಡಿಯನ್ನು ತಾನು ಕಟ್ಟಲಿಲ್ಲ. ಅಲ್ಲದೆ ಅವನ ಸೇವೆಯನ್ನು ನಮ್ಮ ಪರಂಪರೆಯು ಬಚ್ಚಿಡಲೂ ಇಲ್ಲ. ಪ್ರತಿಮಾಡುವವನು ಬೇರೆ, ತಿದ್ದುವವನು ಬೇರೆ, ವಾಕ್ಯಗಳನ್ನು ಹೊಸೆದು ಗ್ರಂಥವನ್ನು ರೂಪಿಸುವವನು ಬೇರೆ. ಮೊದಲಿನ ಇಬ್ಬರಿಗೆ ಕೃತಜ್ಞತೆಯು ಸಲ್ಲತಕ್ಕದ್ದು. ಮೂರನೆಯವನಿಗೆ ಹೆಸರೇ ಸಲ್ಲತಕ್ಕದ್ದು.

ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ಕೈಯಲ್ಲಿಯೂ ಕಣ್ಣಿನಲ್ಲಿಯೂ ವಿದ್ಯೆಯುಳ್ಳವರಿಗೆ ಲೇಖನಿಯು ವಶವಾಗಿರಬೇಕೆಂಬ ನಿಯಮವಿಲ್ಲ. ಬರೆಯಬಲ್ಲವರು ನೆರವಾಗದಿದ್ದರೆ ಎಷ್ಟೋ ಕುಶಲರ ವಿದ್ಯೆಯು ಅವರೊಡನೆಯೇ ಅಳಿದುಹೋಗುವುದು. ಆದುದರಿಂದ ಕೂಡಿ ಬರೆಯುವುದು ಪುಣ್ಯಕಾರ್ಯವೇ ಸರಿ, ದೋಷವಿರುವುದು ಮರೆಮಾಚುವುದರಲ್ಲಿ. ನಾವು ಉಪಾಧ್ಯಾಯರು ಊರಿನ ಸಭೆಗಳಿಗೆ ಎಷ್ಟೋ ಬಿನ್ನವತ್ತಳೆಗಳನ್ನು ಬರೆದುಕೊಟ್ಟಿದ್ದೇವೆ. ಅವು ಊರಿನವರೆಲ್ಲರ ಹೆಸರಿನಲ್ಲಿ ಓದಲ್ಪಡುವುದರಿಂದ ಅಲ್ಲಿ ಒಬ್ಬರ ಕೀರ್ತಿಯನ್ನು ಮತ್ತೊಬ್ಬರು ಅಪಹರಿಸಿದಂತಾಗುವುದಿಲ್ಲ.

ಅಭಿರುಚಿಯನ್ನು ಬೋಧಿಸುವ ಗ್ರಂಥದಲ್ಲಿ ಈ ಮರೆಯು ಇನ್ನೂ ಹೆಚ್ಚು ವಿಪರೀತವಾಗಿ ತೋರುತ್ತದೆ. ಬೀಜಗಣಿತದ ಪುಸ್ತಕವನ್ನು ಯಾರು ಬರೆದರೂ ಲೆಕ್ಕವು ಲೆಕ್ಕವೇ. ಆದರೆ ಮನೆಯೂ ಉಡುಪೂ ಅವರವರ ಸ್ವಭಾವಕ್ಕೆ ಒಪ್ಪುವಂತಿರಬೇಕೆಂದು ಉಪದೇಶಿಸುವ ಗ್ರಂಥದಲ್ಲಿ ‘ನಾನು’ ಎಂಬ ಮಾತೇ ಪ್ರಾಣ. ಡಿ ವುಲ್ಫಳ ಹೆಸರಿನ ಗ್ರಂಥವು ಎಲ್ಲಕ್ಕಿಂತ ಮಿಗಿಲಾಗಿ ಒತ್ತಿ ಹೇಳುವ ಗುಣವು ಹೊಂದಿಕೆ. ನಮ್ಮ ಕ್ಷೇಮೇಂದ್ರನು ಕಾವ್ಯದಲ್ಲಿ ಔಚಿತ್ಯವೆಂದು ಕರೆದುದಕ್ಕೆ ಇದು ಬಹಳ ಸಮೀಪವಾದುದು. ಎರವಲು ಆಭರಣವು ನಿನಗೊಪ್ಪದು ಎಂದು ಹೇಳುವ ಗ್ರಂಥವೇ ಎರವಲು ಕಂಠದಿಂದ ಮಾತನಾಡಿದರೆ ಆ ಔಚಿತ್ಯಕ್ಕೆ ಭಂಗವಲ್ಲವೆ?

ಈ ರೂಢಿಯಿಂದ ನಿರ್ದೋಷಿಗಳಿಗೂ ಹಾನಿಯುಂಟು. ಹರ್ಷದೇವನಿಂದ ಧಾವಕನೆಂಬ ಕವಿಯು ಧನವನ್ನು ಪಡೆದನೆಂಬ ಮಾತು ಕಾವ್ಯಪ್ರಕಾಶದಲ್ಲಿ ಬರುವುದಷ್ಟೆ. ರತ್ನಾವಳಿಯನ್ನು ಅರಸನ ಹೆಸರಿನಲ್ಲಿ ಬರೆದುಕೊಟ್ಟುದಕ್ಕೆ ಬಂದ ಧನವದೆಂದು ಕೆಲವು ವ್ಯಾಖ್ಯಾತೃಗಳು ಹೇಳಿದರು. ಪಂಡಿತರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಆದರೂ ಶಂಕೆಯು ಶತಮಾನಗಳವರೆಗೆ ಉಳಿಯಿತು. ಬರೆಸಿಕೊಳ್ಳುವವರು ಕೆಲವರಿರುವುದರಿಂದ, ತಾವೇ ಬರೆದವರ ಮೇಲೆಯೂ ಸಂದೇಹವು ಬೀಳುವುದು. ಇದಕ್ಕೆ ಪ್ರತಿಯಾಗಿ ಕಾದಂಬರಿಯನ್ನು ನೋಡಿರಿ: ಬಾಣನು ಅರ್ಧದಲ್ಲಿ ತೀರಿಕೊಳ್ಳಲು, ಮಗನು ಅದನ್ನು ಮುಗಿಸಿ, ಮುಗಿಸಿದವನು ತಾನೆಂದು ವಿನಯದಿಂದ ತಿಳಿಸಿದನು. ಅದರಿಂದ ತಂದೆಯ ಕೀರ್ತಿಗೂ ಕುಂದಿಲ್ಲ, ಮಗನ ಮರ್ಯಾದೆಗೂ ಕುಂದಿಲ್ಲ.

ಕೂಲಿ ಕೊಟ್ಟಮೇಲೆ ಎಲ್ಲವೂ ಕೊಂಡವರದೇ ಎಂಬ ವಾದವೊಂದು ಉಳಿಯಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನದ 57ನೆಯ ಪ್ರಕರಣವು, ಸ್ವಾಮ್ಯವನ್ನು ವಹಿಸಿಕೊಟ್ಟ ಮೇಲೆಯೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಂಟೆನ್ನುತ್ತದೆ. ಶಾಸನದ ಈ ಮಾತಿನಲ್ಲಿ ಧರ್ಮಸೂಕ್ಷ್ಮವಿದೆ. ಮಾಡಿದ ವಸ್ತುವನ್ನು ಮಾರಬಹುದು. ಮಾಡಿದವರು ಯಾರೆಂಬ ಸಂಗತಿಯನ್ನು ಮಾರಲಾಗದು. ಅದು ನಡೆದುಹೋದ ನಿಜ. ಹಣದಿಂದ ಅದು ಬದಲಾಗದು.

ಗುಡ್‌ನೌ ಮರುವರ್ಷವೇ, 1914ರಲ್ಲಿ, ‘ದಿ ಆನೆಸ್ಟ್ ಹೌಸ್’ ಎಂಬ ಗ್ರಂಥವನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿದಳು. ಪ್ರಾಮಾಣಿಕವಾದ ಮನೆ ಎಂದು ಅದರ ಅರ್ಥ. ತನಗೆ ಸಹಕಾರಿಯಾದ ರೇನ್ ಆಡಮ್ಸನ ಹೆಸರನ್ನೂ ಮುಖಪುಟದಲ್ಲಿ ಮುದ್ರಿಸಿದಳು. ಮುಂದೆ ರೂಬಿ ರಾಸ್ ವುಡ್ ಎಂಬ ಹೆಸರಿನಿಂದ ತಾನೇ ಗೃಹಾಲಂಕಾರದಲ್ಲಿ ಪ್ರಸಿದ್ಧಿಗೆ ಬಂದಳು. ಇಂದು ಅನೇಕ ಪುಸ್ತಕಗಳಲ್ಲಿ ‘ಇಂಥವರೊಡನೆ’ ಎಂದು ಎರಡನೆಯ ಹೆಸರನ್ನು ಚಿಕ್ಕಕ್ಷರಗಳಲ್ಲಾದರೂ ಅಚ್ಚುಹಾಕುವುದುಂಟು. ಅದಕ್ಕೆ ತಗಲುವುದು ಒಂದು ಪಂಕ್ತಿಯಷ್ಟು ಮಸಿ. ಅಷ್ಟನ್ನು ಕೊಡಲು ಹಿಂಜರಿಯುವವರು ತಮ್ಮ ಮನೆಯ ಪಡಸಾಲೆಯನ್ನು ಎಷ್ಟು ಅಲಂಕರಿಸಿದರೂ, ಹೊಸ್ತಿಲಲ್ಲಿ ನಿಂತ ಒಬ್ಬರನ್ನು ಒಳಗೆ ಕರೆಯದೆ ಬಿಟ್ಟವರೇ ಆಗುತ್ತಾರೆ.